ನೀರು ಒಗ್ಗದ ಮೀನು: ಗೋಲ್ಡ್‌ಫಿಶ್ ಕಾಯಿಲೆ ಮತ್ತು ಆರೈಕೆಯ ಚರಿತ್ರೆ

ಊರು ಬಿಟ್ಟು ಊರಿಗೆ ಹೋದವರು ಕಾಯಿಲೆ ಬಿದ್ದರೆ ನಮ್ಮ ಹಿರಿಯರು ಮೊದಲು ಹೇಳುತ್ತಿದ್ದ ಮಾತು, "ಅಲ್ಲಿಯ ನೀರು ಒಗ್ಗಲಿಲ್ಲ." ಗಾಳಿ, ಊಟ, ಮನಸ್ಸಿನ ಬೇಸರ ಎಲ್ಲವೂ ಆಮೇಲೆ, ಮೊದಲ ಆರೋಪಿ ನೀರು. ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದ ನಾವೆಲ್ಲ ಈ ಮಾತನ್ನು ಒಂದಲ್ಲ ಒಂದು ಸಲ ಫೋನಿನಲ್ಲಿ ಕೇಳಿಸಿಕೊಂಡವರೇ. ಮನುಷ್ಯರ ವಿಷಯದಲ್ಲಿ ಈ ರೋಗನಿರ್ಣಯ ಎಷ್ಟು ಸರಿಯೋ, ವೈದ್ಯರಾದ ನಮ್ಮ ಸದಸ್ಯರು ಹೇಳಬೇಕು. ಆದರೆ ನಮ್ಮ ಮಕ್ಕಳು ಹಠ ಹಿಡಿದು ತರಿಸಿಕೊಳ್ಳುವ ಗೋಲ್ಡ್‌ಫಿಶ್ ವಿಷಯದಲ್ಲಿ ಅದು ಅಕ್ಷರಶಃ ನಿಜ. ಹತ್ತರಲ್ಲಿ ಎಂಟು ಸಲ ಅದರ ಕಾಯಿಲೆ ಮೀನಿನದಲ್ಲ, ನೀರಿನದು.

ಇಷ್ಟು ಸರಳವಾದ ಸಂಗತಿಯನ್ನು ತಿಳಿಯಲು ಮನುಷ್ಯನಿಗೆ ಸುಮಾರು ಸಾವಿರ ವರ್ಷ ಹಿಡಿಯಿತು. ಒಬ್ಬರು ತಿಳಿದುಕೊಂಡದ್ದನ್ನು ಮುಂದಿನವರು ಮರೆತರು. ಮರೆತದ್ದನ್ನು ಮತ್ತೊಂದು ದೇಶದಲ್ಲಿ ಮತ್ತೊಬ್ಬರು ಹೊಸದಾಗಿ ಕಂಡುಹಿಡಿದರು. ಆ ಕಥೆಯನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇವೆ.

ಗೋಲ್ಡ್‌ಫಿಶ್ ಹುಟ್ಟಾ ಚಿನ್ನದ ಬಣ್ಣದ್ದಲ್ಲ. ನಮ್ಮ ಕೆರೆಗಳಲ್ಲಿ ಸಿಗುವ ಗೆಂಡೆಯ ನೆಂಟನಾದ, ಚೀನಾದ ಒಂದು ಸಾಧಾರಣ ಬೂದು ಮೀನು ಅದರ ಮೂಲಪುರುಷ. ಆ ಮೀನುಗಳಲ್ಲಿ ಅಪರೂಪಕ್ಕೊಮ್ಮೆ ಕೆಂಪು ಅಥವಾ ಹಳದಿ ಬಣ್ಣದ್ದೊಂದು ಹುಟ್ಟುತ್ತಿತ್ತು. ಅಂಥದ್ದು ಬಲೆಗೆ ಬಿದ್ದರೆ ತಿನ್ನದೆ ಬೌದ್ಧ ವಿಹಾರಗಳ ಕೊಳಕ್ಕೆ ಬಿಡುವುದು ಪುಣ್ಯದ ಕೆಲಸವಾಗಿತ್ತು. ಹೀಗೆ ದಯೆಯಿಂದ ಉಳಿದ ಮೀನುಗಳೇ ಕೊಳದಲ್ಲಿ ಕೂಡಿ ಬೆಳೆದು ಬಣ್ಣದ ವಂಶವಾದವು. 11ನೆಯ ಶತಮಾನದಲ್ಲಿ ಕವಿ ಸು ಶಿ ಹಾಂಗ್‌ಝೌ ಪಟ್ಟಣದ ಒಂದು ವಿಹಾರದ ಕೊಳದಲ್ಲಿ ಈ ಮೀನುಗಳನ್ನು ನೋಡಿದ್ದ. 1162ರಲ್ಲಿ ಸಿಂಹಾಸನ ಬಿಟ್ಟುಕೊಟ್ಟ ಸುಂಗ್ ಚಕ್ರವರ್ತಿ ಗಾವ್‌ಝುಂಗ್ ಅದೇ ಊರಿನ ತನ್ನ ವಿಶ್ರಾಂತಿಯ ಅರಮನೆಯಲ್ಲಿ ಚಿನ್ನದ ಮೀನುಗಳನ್ನು ಸಾಕಿದ. ರಾಜ ಸಾಕಿದ ಮೇಲೆ ಶ್ರೀಮಂತರು ಬಿಟ್ಟಾರೆಯೇ? ಕಲ್ಲಿನ ತೊಟ್ಟಿಗಳು ಮನೆಮನೆಯ ಸೂರಿನಡಿಗೆ ಬಂದವು.

ಈ ಕಾಲದ ಒಂದು ಪ್ರಸಂಗ ನಮಗೆ ಬಹಳ ಹಿಡಿಸಿತು. ಅದನ್ನು 1214ರ ಸುಮಾರಿಗೆ ಬರೆದಿಟ್ಟವನು ಪ್ರಸಿದ್ಧ ಸೇನಾಪತಿ ಯುಯೆ ಫೇಯ ಮೊಮ್ಮಗ ಯುಯೆ ಕ. ಹಾಂಗ್‌ಝೌನ ಮೀನುಗಾರರು ಮೀನಿಗೆ ಬಣ್ಣ ಬರಿಸುವ ಗುಟ್ಟನ್ನು ಯಾರಿಗೂ ಹೇಳುತ್ತಿರಲಿಲ್ಲವಂತೆ. ಪೇಟೆಯ ಚರಂಡಿಗಳ ಸಣ್ಣ ಕೆಂಪು ಹುಳುಗಳನ್ನು ತಿನ್ನಿಸುತ್ತಾರೆಂದು ಊಹೆ. ವೂ ಶೀ ಎಂಬ ಸೇನಾನಿ ತನ್ನ ಸೀಮೆಯಾದ ಸಿಚುವಾನ್‌ಗೆ ಹಿಂದಿರುಗುವಾಗ ಈ ಮೀನುಗಳನ್ನು ಒಯ್ಯಲು ಬಯಸಿದ. ಬರೀ ಮೀನನ್ನು ಒಯ್ಯಲಿಲ್ಲ. ಹಾಂಗ್‌ಝೌ ಸರೋವರದ ನೀರನ್ನೇ ತುಂಬಿಸಿಕೊಂಡು, ಅದರಲ್ಲಿ ಮೀನು ತೇಲಿಬಿಟ್ಟು, ಮೂರು ದೊಡ್ಡ ಹಡಗುಗಳಲ್ಲಿ ಸಾಗಿಸಿದ. ಸಾಕುವ ವಿದ್ಯೆ ಹಾಂಗ್‌ಝೌನವರಿಗೆ ಮಾತ್ರ ಗೊತ್ತೆಂದು ಅವರನ್ನೂ ಜೊತೆಗೆ ಕರೆದೊಯ್ದ.

ವೂ ಶೀ ಒಳ್ಳೆಯ ಹೆಸರು ಉಳಿಸಿಹೋದವನಲ್ಲ; 1207ರಲ್ಲಿ ರಾಜದ್ರೋಹ ಮಾಡಿ ಹತನಾದ. ಆದರೂ ಮೀನಿನ ವಿಷಯದಲ್ಲಿ ಅವನ ಬುದ್ಧಿ ಚುರುಕಾಗಿತ್ತು ಎನ್ನಬೇಕು. ನಾವು ಊರಿನಿಂದ ಹಪ್ಪಳ, ಉಪ್ಪಿನಕಾಯಿ, ಸಾರಿನ ಪುಡಿ ಕಟ್ಟಿಕೊಂಡು ಬರುತ್ತೇವೆ, ನೀರನ್ನು ತರುವುದಿಲ್ಲ. ಮೀನಿಗೆ ನೀರೇ ಊರು ಎಂಬುದು ಆ ದಂಗೆಕೋರನಿಗೆ ಹೊಳೆದಿತ್ತು. ಇಂದಿಗೂ ಅಂಗಡಿಯಿಂದ ತಂದ ಮೀನನ್ನು ಪಾಲಿಥೀನ್ ಚೀಲದ ಸಮೇತ ತೊಟ್ಟಿಯಲ್ಲಿ ತೇಲಿಬಿಟ್ಟು, ಎರಡೂ ನೀರಿನ ಬಿಸಿ ಒಂದಾಗುವವರೆಗೆ ಕಾಯಿರಿ ಎಂದು ಹೇಳುವುದು ಇದೇ ಕಾರಣಕ್ಕೆ.

ಕಾಯಿಲೆಯ ಹೆಸರು, ಔಷಧದ ಹೆಸರು ಎರಡೂ ಮೊದಲು ಕಾಣಿಸಿಕೊಳ್ಳುವುದೂ ಚೀನಾದಲ್ಲೇ. ಸು ಶಿಯ ಹೆಸರಿನಲ್ಲಿ ಪ್ರಚಾರದಲ್ಲಿರುವ, ಆದರೆ ಅವನೇ ಬರೆದನೆಂದು ವಿದ್ವಾಂಸರು ಒಪ್ಪದ ಒಂದು ಹಳೆಯ ಪುಸ್ತಕದಲ್ಲಿ ಈ ಅರ್ಥದ ಮಾತಿದೆ: ಮೀನು ಬಡಕಲಾಗಿ ಮೈಮೇಲೆ ಬಿಳಿ ಚುಕ್ಕೆ ಎದ್ದರೆ ಅದು "ಹೇನು"; ಒಂದು ಬಗೆಯ ಮೇಪಲ್ ಮರದ ತೊಗಟೆಯನ್ನು ನೀರಿಗೆ ಹಾಕಿದರೆ ವಾಸಿಯಾಗುತ್ತದೆ. ಚೀನೀ ವೈದ್ಯಶಾಸ್ತ್ರದ ಮಹಾಗ್ರಂಥವನ್ನು ಬರೆದ ಲಿ ಶಿಝೆನ್ ಗೋಲ್ಡ್‌ಫಿಶ್‌ಗೂ ಒಂದು ನಮೂದು ಕೊಟ್ಟಿದ್ದಾನೆ. ಅವನ ಪುಸ್ತಕ ಅವನು ತೀರಿಕೊಂಡ ಮೇಲೆ, 1596ರ ಹೊತ್ತಿಗೆ ಅಚ್ಚಾಗಿ ಹೊರಬಂತು. ಈ ಮೀನನ್ನು ಸಾಕುವುದು ಸುಂಗ್ ಕಾಲದಿಂದ ಶುರುವಾಯಿತು, ಈಗ ಎಲ್ಲೆಲ್ಲೂ ಮನೆಮನೆಯಲ್ಲಿದೆ ಎಂದು ಹೇಳಿ, ಆಲಿವ್ ಚರಟ, ಸಾಬೂನಿನಂಥ ನೊರೆಕಾಯಿಯ ನೀರು ಸೇರಿದರೆ ಅದು ಸಾಯುತ್ತದೆಂದೂ, ಬಿಳಿ ಪಾಪ್ಲರ್ ಮರದ ತೊಗಟೆ ಇದ್ದರೆ ಹೇನು ಹತ್ತುವುದಿಲ್ಲವೆಂದೂ ಹಳೆಯ ಮಾತನ್ನು ಎತ್ತಿ ಹೇಳುತ್ತಾನೆ. ತೊಗಟೆಯ ಒಗರಿನಲ್ಲಿ ಟ್ಯಾನಿನ್ ಇರುತ್ತದೆ. ಇಂದಿಗೂ ಅಲಂಕಾರದ ಮೀನು ಸಾಕುವವರಲ್ಲಿ ಹಲವರು ಕಾಡುಬಾದಾಮಿಯ ಒಣಗಿದ ಎಲೆಯನ್ನು ತೊಟ್ಟಿಗೆ ಹಾಕುವುದು ಇಂಥದೇ ನಂಬಿಕೆಯಿಂದ.

ಆದರೆ 1596ರಲ್ಲೇ ಬಂದ ಇನ್ನೊಂದು ಸಣ್ಣ ಪುಸ್ತಕ ನಮ್ಮ ದೃಷ್ಟಿಯಲ್ಲಿ ಹೆಚ್ಚು ದೊಡ್ಡದು. ಅದನ್ನು ಬರೆದ ಝಾಂಗ್ ಚಿಯಂದೆಗೆ ಆಗಿನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ಕೆಂಪು ಗೋಲ್ಡ್‌ಫಿಶ್ ಕುರಿತ ಆ ಪುಸ್ತಕದಲ್ಲಿ ಬಣ್ಣ, ಬಾಲ, ಪಾತ್ರೆಗಳ ವರ್ಣನೆಯ ನಡುವೆ ಒಂದು ಮನೆಗೆಲಸದ ಸೂಚನೆ ಇದೆ. ನೀರು ಬದಲಿಸಿದ ಒಂದೆರಡು ದಿನಕ್ಕೆ ತಳದಲ್ಲಿ ಕೊಳೆ ಕೂರುತ್ತದೆ. ಬಿದಿರಿನ ಒಂದು ತುಂಡನ್ನು ಕೊಳವೆ ಮಾಡಿಕೊಂಡು ಅದನ್ನು ಆಗಾಗ ಹೀರಿ ತೆಗೆಯಬೇಕು. ತೆಗೆಯದಿದ್ದರೆ ಮೀನಿನ ಬಣ್ಣ ಮಾಸುತ್ತದೆ. ಇಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಕೊಳವೆಗೆ ರಬ್ಬರ್ ಬುರುಡೆ ಸಿಕ್ಕಿಸಿ ಮಾರುವುದು ಇದನ್ನೇ. ಮೀನಿಗೆ ಮದ್ದು ಹುಡುಕುತ್ತಿದ್ದ ಕಾಲದಲ್ಲಿ ಆ ತರುಣ ತೊಟ್ಟಿಯ ತಳವನ್ನು ನೋಡಿದ.

ಚೀನಾದಿಂದ ಮೀನು ಜಪಾನಿಗೆ ಹೋಯಿತು. ಅಲ್ಲಿ 1748ರಲ್ಲಿ ಅದನ್ನು ಸಾಕುವ ಬಗೆಗೆ ಪ್ರತ್ಯೇಕ ಕೈಪಿಡಿಯೇ ಅಚ್ಚಾಯಿತು. ಯೂರೋಪಿಗೆ 17ನೆಯ ಶತಮಾನದಲ್ಲಿ ಹಡಗು ಹತ್ತಿ ಬಂತು. ಇಂಗ್ಲೆಂಡಿನಲ್ಲಿ ಅದು ಮನೆಮಾತಾದದ್ದು 1728ರ ನಂತರ. ಆ ವರ್ಷ ಬಂದ ದೊಡ್ಡ ಸರಕನ್ನು ಸರ್ ಮ್ಯಾಥ್ಯೂ ಡೆಕರ್ ಎಂಬ ವರ್ತಕ ಲಂಡನ್ ಸುತ್ತಮುತ್ತಲಿನವರಿಗೆ ಹಂಚಿದ. ಮೀನು ಬಂತು, ಬಿದಿರಿನ ಕೊಳವೆಯ ಬುದ್ಧಿ ಬರಲಿಲ್ಲ. ಚೀನಾದ ಅಗಲ ಬಾಯಿಯ ದೊಡ್ಡ ತೊಟ್ಟಿಯ ಜಾಗದಲ್ಲಿ ಇಲ್ಲಿ ಗುಂಡಗಿನ ಗಾಜಿನ ಬೋಗುಣಿ ನಿಂತಿತು. ನೋಡಲು ಅಂದ, ಬಾಳಲು ಸಂಕಟ. ಮೀನು ಉಸಿರಾಡುವ ಆಮ್ಲಜನಕ ನೀರಿನ ಮೇಲ್ಮೈಯಿಂದ ಇಳಿಯಬೇಕು. ಬೋಗುಣಿಯ ಕುತ್ತಿಗೆ ಕಿರಿದಾದಷ್ಟೂ ಮೀನಿನ ಉಸಿರೂ ಕಿರಿದು.

ಹ್ಯಾಂಪ್‌ಷೈರಿನ ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಸುತ್ತಲಿನ ಹಕ್ಕಿ, ಹುಳು, ಆಮೆಗಳನ್ನು ಜೀವಮಾನವೆಲ್ಲ ನೋಡುತ್ತ ಕೂತ ಮನುಷ್ಯ. 1789ರಲ್ಲಿ ಹೊರಬಂದ ಅವನ ಪುಸ್ತಕದಲ್ಲಿ, ಪರಿಚಯಸ್ಥರ ಮನೆಯ ಗಾಜಿನ ಬೋಗುಣಿಯಲ್ಲಿ ಕಂಡ ಚಿನ್ನದ ಮೀನುಗಳ ಬಗ್ಗೆ ಒಂದು ಪತ್ರವಿದೆ. ಕಾಯಿಲೆ ಬಿದ್ದ ಮೀನು ಹೇಗೆ ಸಾಯುತ್ತದೆಂಬುದನ್ನು ಅವನು ಕಂಡಹಾಗೆ ಬರೆದಿದ್ದಾನೆ: ಮೊದಲು ತಲೆ ಕೆಳಗೆ ಇಳಿಯುತ್ತ ಬಂದು ತಲೆಯ ಮೇಲೆ ನಿಂತಂತಾಗುತ್ತದೆ, ಬಲ ಕುಂದಿ, ಸಮತೋಲ ತಪ್ಪಿ, ಬಾಲ ಮಗುಚಿಕೊಳ್ಳುತ್ತದೆ, ಕೊನೆಗೆ ಹೊಟ್ಟೆ ಮೇಲಾಗಿ ತೇಲುತ್ತದೆ. ಈ ಮೀನುಗಳು ಬರೀ ನೀರು ಕುಡಿದು ಬದುಕುತ್ತವೆಂದು ಆಗಿನವರ ನಂಬಿಕೆ. ವೈಟ್ ಅದನ್ನು ಒಪ್ಪದೆ, ರೊಟ್ಟಿಯ ಪುಡಿ ಹಾಕಿದರೆ ಆತುರದಿಂದ ತಿನ್ನುವುದನ್ನು ತೋರಿಸಿದ. ಆದರೆ ರೊಟ್ಟಿಯನ್ನು ಮಿತವಾಗಿ ಹಾಕಬೇಕು, ಹುಳಿತು ನೀರು ಕೆಟ್ಟೀತು ಎಂದು ಎಚ್ಚರಿಸಿದ. ಚೀನಾದ ತರುಣ ಹೇಳಿದ್ದನ್ನೇ, ಎರಡು ಶತಮಾನದ ಮೇಲೆ, ಅವನ ಹೆಸರನ್ನೂ ಕೇಳಿರದ ಪಾದ್ರಿ ಹೇಳಿದ.

ನಮ್ಮ ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕದೆ ಬಂದವರಿಲ್ಲ. ಅಲ್ಲಿ ಮೀನು ಹಿಡಿಯುವಂತಿಲ್ಲ. ಚೀನಾದ ವಿಹಾರಗಳ ಕೊಳದಂತೆಯೇ ಅದೂ ಅಭಯದ ತಾಣ. ಎಷ್ಟು ಜನ ಎಷ್ಟು ಸೇರು ಮಂಡಕ್ಕಿ ಸುರಿದರೂ ಉಳಿದದ್ದನ್ನು ಹೊಳೆ ಒಯ್ಯುತ್ತದೆ. ಅದೇ ಉದಾರ ಕೈ ಬೋಗುಣಿಯ ಮೇಲೆ ಆಡಿದರೆ ಒಯ್ಯುವವರು ಯಾರು? "ಪಾಪ, ಹಸಿದಿರಬೇಕು" ಎಂಬ ಕನಿಕರವೇ ಗೋಲ್ಡ್‌ಫಿಶ್ ಪಾಲಿಗೆ ಅತಿ ದೊಡ್ಡ ಕಾಯಿಲೆ. ಎರಡು ನಿಮಿಷದಲ್ಲಿ ಅದು ತಿಂದು ಮುಗಿಸುವಷ್ಟೇ ಅದರ ಊಟ. ಅತಿಥಿಸತ್ಕಾರದಲ್ಲಿ ಬೆಳೆದ ನಮಗೆ ಇದು ಸ್ವಲ್ಪ ಕಷ್ಟದ ಪಾಠ.

ನೀರು ಏಕೆ ಕೆಡುತ್ತದೆ, ಕೆಡದಂತೆ ಹೇಗೆ ಇಡಬಹುದು ಎಂಬ ಪ್ರಶ್ನೆಗೆ ಲಂಡನ್ನಿನಲ್ಲಿ ಮೊದಲ ಒಳ್ಳೆಯ ಉತ್ತರ ಕೊಟ್ಟವನು ರಾಬರ್ಟ್ ವಾರಿಂಗ್‌ಟನ್. ಅವನು ಔಷಧ ತಯಾರಿಸುವವರ ಸಂಘದಲ್ಲಿ ರಸಾಯನ ತಜ್ಞ. 1849ರಲ್ಲಿ ಒಂದು ದೊಡ್ಡ ಗಾಜಿನ ಪಾತ್ರೆಯಲ್ಲಿ ಎರಡು ಸಣ್ಣ ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟ. ಮೀನು ಬಿಟ್ಟ ಉಸಿರನ್ನು ಗಿಡ ಹೀರಿ ಆಮ್ಲಜನಕ ಕೊಡುತ್ತದೆ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿತ್ತು, ಆದರೆ ಉದುರಿದ ಎಲೆ ಕೊಳೆತು ನೀರು ಕದಡಿತು. ಆಗ ಅವನು ಯಾವ ಔಷಧವನ್ನೂ ಸುರಿಯಲಿಲ್ಲ. ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಅವನು ಪ್ರಕಟಿಸಿದ ಈ ಪ್ರಯೋಗದಿಂದ ಅಕ್ವೇರಿಯಂ ಎಂಬ ಹವ್ಯಾಸಕ್ಕೆ ಗಟ್ಟಿ ನೆಲ ಸಿಕ್ಕಿತು. ಔಷಧ ಮಾಡುವವನೇ ಔಷಧವಿಲ್ಲದೆ ಮೀನು ಉಳಿಸಿದ್ದು ಈ ಚರಿತ್ರೆಯ ಸೊಗಸಾದ ಒಂದು ತಿರುವು.

ಬಸವನಹುಳುವಿಗೂ ಕಾಣದ ಇನ್ನೊಂದು ಕೊಳೆ ಇತ್ತು. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ಅದಕ್ಕೆ ಬಣ್ಣವಿಲ್ಲ, ನೀರು ಪನ್ನೀರಿನಂತೆ ತಿಳಿಯಾಗಿದ್ದರೂ ಅದು ವಿಷವಾಗಿರಬಹುದು. ಹೊಲದ ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುವ ಸೂಕ್ಷ್ಮಜೀವಿಗಳಿವೆ ಎಂಬುದನ್ನು ರಷ್ಯಾದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿದ. ಮೀನಿನ ತೊಟ್ಟಿಯನ್ನು ಕಾಯುವವೂ ಇಂಥ ಜೀವಿಗಳೇ. ಮೊದಲೆರಡು ವಿಷ, ಕೊನೆಯದು ಅಷ್ಟಾಗಿ ಅಲ್ಲ. ಆದರೆ ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಶನಿವಾರ ತೊಟ್ಟಿ ಕೊಂಡು, ಅಂದೇ ಮೀನು ಬಿಟ್ಟು, ಮುಂದಿನ ಶನಿವಾರ ಅಳುವ ಮಗುವನ್ನು ಸಮಾಧಾನ ಮಾಡುವ ಮನೆಗಳ ಕಥೆಯೆಲ್ಲ ಇಷ್ಟೇ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಫಳಫಳ ತೊಳೆಯುವವರೂ ಈ ಜೀವಿಗಳನ್ನು ತೊಳೆದು ಚೆಲ್ಲುತ್ತಾರೆ. ಅದನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಲಂಡನ್ನಿನಲ್ಲಿರುವ ನಮ್ಮವರು ಕೆಟಲಿನ ಒಳಗೆ ಕಟ್ಟುವ ಸುಣ್ಣವನ್ನು ನೋಡಿಯೇ ಇರುತ್ತೀರಿ. ಅಂಥ ಕ್ಷಾರದ ಗಡಸು ನೀರಿನಲ್ಲಿ ಅಮೋನಿಯಾ ಇನ್ನೂ ಹೆಚ್ಚು ವಿಷ.

ನಲ್ಲಿಯ ನೀರಿಗೂ ಒಂದು ಚರಿತ್ರೆ ಇದೆ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಟೈಫಾಯಿಡ್ ಹಬ್ಬಿದಾಗ ಅಲೆಕ್ಸಾಂಡರ್ ಹೂಸ್ಟನ್ ಎಂಬ ವೈದ್ಯ ಊರಿನ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸುವ ಏರ್ಪಾಡು ಮಾಡಿದ. ಅಲ್ಲಿಂದ ಮುಂದೆ ಅದೆಷ್ಟು ಜೀವ ಉಳಿದವೋ! ಆದರೆ ನಮ್ಮನ್ನು ಕಾಪಾಡಿದ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಆದ್ದರಿಂದ ನಲ್ಲಿಯ ನೀರಿಗೆ ಕ್ಲೋರಿನ್ ಕಳೆಯುವ ದ್ರಾವಣವನ್ನು ಬೆರೆಸದೆ ತೊಟ್ಟಿಗೆ ಹಾಕಬಾರದು. ಮನುಷ್ಯನಿಗೆ ಒಗ್ಗಿದ್ದು ಮೀನಿಗೆ ಒಗ್ಗಲಿಲ್ಲ.

ಹಾಗಾದರೆ ನಿಜವಾದ ರೋಗವೇ ಇಲ್ಲವೇ? ಇದೆ. 1876ರಲ್ಲಿ ಫ್ರಾನ್ಸಿನ ಫೂಕೆ ಬಿಳಿ ಚುಕ್ಕೆಗೆ ಕಾರಣವಾದ ಪರೋಪಜೀವಿಯನ್ನು ವರ್ಣಿಸಿದ. ಅದಕ್ಕಿಟ್ಟ ಹೆಸರು ಇಕ್ತಿಯೋಫ್ಥಿರಿಯಸ್ ಮಲ್ಟಿಫಿಲಿಸ್. "ಬಹುಸಂತಾನದ ಮೀನುಹೇನು" ಎಂದು ಅರ್ಥ. ಚೀನಾದ ಹಳೆಯ ಪುಸ್ತಕ ಬಿಳಿ ಚುಕ್ಕೆಗೆ ಕೊಟ್ಟಿದ್ದ "ಹೇನು" ಎಂಬ ಹೆಸರೇ ಗ್ರೀಕ್ ವೇಷದಲ್ಲಿ ಮರಳಿ ಬಂದಂತಾಯಿತು. 1904ರಲ್ಲಿ ಜರ್ಮನಿಯ ಬ್ರೂನೋ ಹೋಫರ್ ಮೀನಿನ ರೋಗಗಳ ದೊಡ್ಡ ಕೈಪಿಡಿ ಬರೆದ ಮೇಲೆ ಇದೊಂದು ಶಾಸ್ತ್ರವಾಯಿತು.

ಬಹುಸಂತಾನ ಎಂಬ ಹೆಸರಿನಲ್ಲೇ ಚಿಕಿತ್ಸೆಯ ಗುಟ್ಟಿದೆ. ಉಪ್ಪಿನ ಹರಳು ಚೆಲ್ಲಿದಂತೆ ಕಾಣುವ ಚುಕ್ಕೆ ಚರ್ಮದ ಒಳಗೆ ಅವಿತ ಜೀವಿ. ಅಲ್ಲಿಗೆ ಔಷಧ ತಲುಪದು. ಅದು ಬಲಿತು ಉದುರಿ, ತಳದಲ್ಲಿ ಒಡೆದು, ನೂರಾರು ಮರಿಗಳಾಗಿ ಈಜುತ್ತ ಮತ್ತೆ ಮೀನನ್ನು ಹುಡುಕುವಾಗ ಮಾತ್ರ ಔಷಧಕ್ಕೆ ಸಾಯುತ್ತದೆ. ಚುಕ್ಕೆ ಮಾಯವಾಯಿತೆಂದು ಮೂರನೆಯ ದಿನ ಔಷಧ ನಿಲ್ಲಿಸಿದರೆ ರೋಗ ಇಮ್ಮಡಿಯಾಗಿ ಮರಳುವುದು ಇದಕ್ಕೇ. ನೀರು ಬೆಚ್ಚಗಿದ್ದರೆ ಈ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ, ತಣ್ಣಗಿದ್ದರೆ ವಾರಗಟ್ಟಲೆ ಹಿಡಿಯುತ್ತದೆ. ಇಲ್ಲಿನ ಚಳಿಗಾಲದಲ್ಲಿ ಹೆಚ್ಚು ತಾಳ್ಮೆ ಬೇಕು.

ಔಷಧಗಳು ಬಂದದ್ದು ಬಟ್ಟೆಗೆ ಬಣ್ಣ ಹಾಕುವವರ ಮನೆಯಿಂದ. 1876ರಲ್ಲಿ ಮೆಥಿಲೀನ್ ಬ್ಲೂ, 1877ರಲ್ಲಿ ಮಲಕೈಟ್ ಗ್ರೀನ್ ಎಂಬ ಬಣ್ಣಗಳು ಜರ್ಮನಿಯಲ್ಲಿ ತಯಾರಾದವು. ಮೊದಲನೆಯದನ್ನು ಪೌಲ್ ಎರ್ಲಿಖ್ 1891ರಲ್ಲಿ ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ. ಎರಡನೆಯದು ಮೀನಿನ ಬೂಷ್ಟಿಗೆ ಒಳ್ಳೆಯ ಮದ್ದೆಂದು 1936ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಈ ದೇಶದ ಅಂಗಡಿಗಳಲ್ಲಿ ಅಲಂಕಾರದ ಮೀನಿಗೆಂದು ಸಿಗುವ ನೀಲಿ, ಹಸಿರು ಬಾಟಲಿಗಳ ಮೂಲ ಇದು. ತಿನ್ನುವ ಮೀನಿಗೆ ಮಲಕೈಟ್ ಗ್ರೀನ್ ಬಳಸುವಂತಿಲ್ಲ, ಮನುಷ್ಯರಿಗೆ ಅಪಾಯ. ಆಂಟಿಬಯಾಟಿಕ್‌ಗೆ ಇಲ್ಲಿ ಪಶುವೈದ್ಯರ ಚೀಟಿ ಬೇಕೇ ಬೇಕು, ರೋಗಿ ಮೀನೇ ಆದರೂ.

ಇಷ್ಟೆಲ್ಲ ಚರಿತ್ರೆಯಿಂದ ಮನೆಗೆ ಬೇಕಾದ ತಿಳಿವಳಿಕೆ ಸ್ವಲ್ಪವೇ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಉಸಿರು ಸಾಲುತ್ತಿಲ್ಲ ಅಥವಾ ಅಮೋನಿಯಾ ಹೆಚ್ಚಿದೆ. ರೆಕ್ಕೆ ಮೈಗಂಟಿಸಿಕೊಂಡು ಮೂಲೆ ಹಿಡಿದರೆ ಏನೋ ಸರಿಯಿಲ್ಲ. ರೆಕ್ಕೆಯ ಅಂಚು ಹರಿದು ಸವೆದರೆ ಕೊಳೆತ. ಹತ್ತಿಯಂತೆ ಬೆಳೆದರೆ ಬೂಷ್ಟು. ದುಂಡು ಮೈಯ ತಳಿಗಳು ತಲೆಕೆಳಗಾಗಿ ತೇಲಿದರೆ ಗಾಳಿಚೀಲದ ತೊಂದರೆ. ಒಂದೆರಡು ದಿನ ಉಪವಾಸ ಹಾಕಿ, ಆಮೇಲೆ ಸಿಪ್ಪೆ ಸುಲಿದ ಬಟಾಣಿ ಕೊಡುವುದು ಬಳಕೆಯಲ್ಲಿರುವ ಮನೆಮದ್ದು. ಹೊಟ್ಟೆ ಉಬ್ಬಿ, ಹುರುಪೆಗಳು ಹಲಸಿನಕಾಯಿಯ ಮುಳ್ಳಿನಂತೆ ನಿಮಿರಿದರೆ ಒಳಗಿನ ಅಂಗಗಳೇ ಸೋತಿವೆ, ಉಳಿಯುವುದು ಅಪರೂಪ. ಯಾವುದೇ ಆಗಲಿ, ಮೊದಲ ಕೆಲಸ ನೀರನ್ನು ಪರೀಕ್ಷಿಸುವುದು. ಅಂಗಡಿಯಲ್ಲಿ ಅದಕ್ಕೆ ಸಣ್ಣ ಕಿಟ್ ಸಿಗುತ್ತದೆ. ಎರಡನೆಯದು, ಕ್ಲೋರಿನ್ ಕಳೆದ, ಅದೇ ಬಿಸಿಯ ನೀರಿನಿಂದ ಕಾಲು ಭಾಗವೋ ಅರ್ಧವೋ ಬದಲಿಸುವುದು. ಒಂದು ಲೀಟರಿಗೆ 1ರಿಂದ 3 ಗ್ರಾಂ ಬರೀ ಉಪ್ಪು ಕರಗಿಸಿ ಹಾಕುವುದು ಹಳೆಯ, ಇಂದಿಗೂ ನಡೆಯುವ ಉಪಚಾರ. ಬಣ್ಣದ ಬಾಟಲಿ ಇವೆಲ್ಲದರ ಮೇಲೆ.

ಕೆಲವಕ್ಕೆ ಮದ್ದಿಲ್ಲ. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಗೋಲ್ಡ್‌ಫಿಶ್‌ಗಳನ್ನು ರಾಶಿರಾಶಿಯಾಗಿ ಕೊಂದ ಹರ್ಪಿಸ್ ವೈರಸ್ ಅಂಥದ್ದು. ಇನ್ನು ಕೆಲವಕ್ಕೆ ಊಹಿಸಲಾಗದಷ್ಟು ಮದ್ದಿದೆ. 2014ರಲ್ಲಿ ಮೆಲ್ಬರ್ನ್‌ನ ಪಶುವೈದ್ಯರೊಬ್ಬರು ಜಾರ್ಜ್ ಎಂಬ ಗೋಲ್ಡ್‌ಫಿಶ್‌ನ ತಲೆಯ ಮೇಲಿನ ಗಡ್ಡೆಯನ್ನು, ಕಿವಿರಿಗೆ ಅರಿವಳಿಕೆಯ ನೀರು ಹರಿಸುತ್ತ, ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಉಳಿಸಲಾಗದ ಮೀನನ್ನು ಜೀವಂತ ಕಮೋಡಿಗೆ ಹಾಕುವುದು ಕ್ರೌರ್ಯ. ಪಶುವೈದ್ಯರು ನೋವಿಲ್ಲದೆ ಕಳಿಸಿಕೊಡುತ್ತಾರೆ. ಕನಿಕರದಿಂದ ಹೊಳೆಗೆ, ಕೆರೆಗೆ ಬಿಡುವುದೂ ತರವಲ್ಲ. ಚೀನಾದ ವಿಹಾರದಲ್ಲಿ ಪುಣ್ಯವಾಗಿದ್ದದ್ದು ಈ ದೇಶದಲ್ಲಿ ಪರವಾನಗಿಯಿಲ್ಲದೆ ಮಾಡಿದರೆ ಅಪರಾಧ. ಬಿಟ್ಟ ಮೀನು ಇಲ್ಲಿಯ ಕ್ರೂಷಿಯನ್ ಮೀನಿನೊಡನೆ ಬೆರೆತು ಆ ತಳಿಯನ್ನೇ ಅಳಿಸುತ್ತಿದೆ.

2006ರ ಪ್ರಾಣಿ ಕಲ್ಯಾಣ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೀನಿಗೂ ಅನ್ವಯಿಸುತ್ತದೆ. ಸಾಕುಪ್ರಾಣಿಗೆ ತಕ್ಕ ಪರಿಸರ, ತಕ್ಕ ಆಹಾರ, ರೋಗದಿಂದ ರಕ್ಷಣೆ ಕೊಡುವುದು ಸಾಕಿದವರ ಹೊಣೆ. ದೊಡ್ಡವರು ಜೊತೆಯಿಲ್ಲದ, ಹದಿನಾರು ತುಂಬದ ಮಕ್ಕಳಿಗೆ ಪ್ರಾಣಿಯನ್ನು ಬಹುಮಾನವಾಗಿ ಕೊಡುವಂತಿಲ್ಲ. ಕಾಯ್ದೆಯ ಹಿಂದೆ ಇರುವುದು ಜಾತ್ರೆಗಳಲ್ಲಿ ಚೀಲದೊಳಗೆ ತೂಗಾಡುತ್ತಿದ್ದ ಲೆಕ್ಕವಿಲ್ಲದಷ್ಟು ಮೀನುಗಳು. ಅವುಗಳಲ್ಲಿ ಒಂದರ ಹೆಸರು ಮಾತ್ರ ದಾಖಲೆಯಲ್ಲಿ ಉಳಿದಿದೆ. 1956ರಲ್ಲಿ ಯಾರ್ಕ್‌ಷೈರಿನ ಜಾತ್ರೆಯೊಂದರಲ್ಲಿ ಒಬ್ಬ ಹುಡುಗ ಗೆದ್ದ ಟಿಶ್ ಎಂಬ ಗೋಲ್ಡ್‌ಫಿಶ್ 1999ರಲ್ಲಿ ತೀರಿಕೊಂಡಿತು. ನಲವತ್ತಮೂರು ವರ್ಷ! ಗೆದ್ದ ಹುಡುಗ ನಡುವಯಸ್ಸು ಮುಟ್ಟಿದ್ದ.

ಅದೇ ಜಾತಿಯ, ಅದೇ ಬಗೆಯ ಚೀಲದಲ್ಲಿ ಬಂದ ಉಳಿದವು ವಾರ ಕಳೆಯಲಿಲ್ಲ. ವ್ಯತ್ಯಾಸ ಮೀನಿನ ಹಣೆಬರಹದಲ್ಲಿರಲಿಲ್ಲ ಎಂದೇ ನಮ್ಮ ಅನಿಸಿಕೆ. ನಮಗೆ ಹೊಸ ದೇಶದ ನೀರು ಒಗ್ಗದಿದ್ದರೆ ಹೇಳಿಕೊಳ್ಳಲು ಬಾಯಿದೆ, ಫೋನಿನ ಆ ಕಡೆ ಕೇಳುವವರಿದ್ದಾರೆ. ಮೀನಿಗೆ ಆ ಅನುಕೂಲವಿಲ್ಲ. ಮಗು "ಅಮ್ಮಾ, ಮೀನು ಯಾಕೋ ಸುಮ್ಮನೆ ನಿಂತಿದೆ" ಎಂದಾಗ ಮೀನನ್ನಲ್ಲ, ಅದರ ನೀರನ್ನು ಮೊದಲು ನೋಡಿ. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.